ದ್ವೀಪ ಬೇಕು, ದ್ವೀಪವಾಸಿ ಬೇಡವೇ?

ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ, ನಾನೂರು ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದ ಈ ಕೇಬಲ್ ಸೇತುವೆಗಾಗಿ ಕರೂರು–ಬಾರಂಗಿ ಹೋಬಳಿಯ ಜನ ದಶಕಗಳ ಕಾಲ ಮನವಿ ಬರೆದರು, ಧರಣಿ ಕೂತರು, ಸಾಗರಕ್ಕೂ ಶಿವಮೊಗ್ಗಕ್ಕೂ ಅಲೆದರು. ಸೇತುವೆ ತೆರೆದ ಕೂಡಲೇ ಪಟ್ಟಣಗಳ ಕಡೆಯಿಂದ ಒಂದು ವಿಚಿತ್ರವಾದ ಶೋಕ ಕೇಳಿಬಂತು. ಲಾಂಚಿನ ಸೊಗಸು ಹೋಯಿತು. ಸಿಗಂದೂರು ಇನ್ನು ದ್ವೀಪವಾಗಿ ಉಳಿಯಲಿಲ್ಲ. ವಾರಾಂತ್ಯಕ್ಕೆ ನೀರು ದಾಟಿ ಲೋಕವನ್ನು ಮರೆಯುವ ಸುಖ ಮುಗಿಯಿತು ಎಂದು. ಶೋಕಿಸಿದವರಲ್ಲಿ ಒಬ್ಬರಿಗಾದರೂ ಆ ನೀರಿನಾಚೆ ಮನೆ ಇದ್ದಂತೆ ಕಾಣದು.

ಈ ದ್ವೀಪವನ್ನು ನಿಸರ್ಗ ಸೃಷ್ಟಿಸಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಪೂರ್ಣಗೊಂಡಾಗ 151 ಟಿಎಂಸಿ ನೀರು ಹೊಳೆಯ ಇಕ್ಕೆಲದ ಗದ್ದೆ, ತೋಟ, ಕಾನು, ಕೇರಿಗಳ ಮೇಲೆ ಏರಿ ನಿಂತಿತು. ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಈ ಹೊಸ ನೀರಿನಲ್ಲಿ ಮುಳುಗಿಹೋಯಿತು. ಬಿರುಬೇಸಿಗೆಯಲ್ಲಿ ಅದರ ಗೋಡೆ ಮೇಲೆದ್ದಾಗ ನೋಡಲು ಜನ ಹೋಗುವುದೂ ಉಂಟು. ಅಣೆಕಟ್ಟೆಯನ್ನೇ ನುಂಗಿದ ನೀರಿಗೆ ಊರುಗಳು ಯಾವ ಲೆಕ್ಕ? ಹೊಳೆ ದಾಟಿದರೆ ಸಾಗರ ಎನ್ನುವಂತಿದ್ದ ಹಳ್ಳಿಗಳು ಒಮ್ಮೆಗೇ ಆಚೆ ದಡವಾದವು. ಶಬ್ದದ ಮಟ್ಟಿಗೆ ನೋಡಿದರೆ ಇದು ದ್ವೀಪವೂ ಅಲ್ಲ. ಬೆನ್ನ ಹಿಂದೆ ನಿಟ್ಟೂರು, ಕೊಲ್ಲೂರುಗಳ ಕಡೆಗೆ ನೆಲದ ಸಂಪರ್ಕವಿದೆ. ಆದರೆ ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಅಡಿಕೆಯ ಮಾರುಕಟ್ಟೆ ಎಲ್ಲವೂ ನೀರಿನ ಈಚೆಗಿರುವಾಗ ಕಾಡುದಾರಿಯ ಸುತ್ತುಬಳಸು ಯಾರ ಪ್ರಯೋಜನಕ್ಕೆ?

ನಾ. ಡಿಸೋಜ ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಚಿತ್ರವಾಗಿಸಿದಾಗ ನಾಡು ಮೆಚ್ಚಿ ನೋಡಿತು. ಏರುವ ನೀರಿನ ನಡುವೆ ಉಳಿದ ಒಂದು ಕುಟುಂಬದ ಕಥೆ ಅದು. ಮೆಚ್ಚಿದ ನಾಡಿಗೆ ಆ ಕುಟುಂಬದಂಥವರ ಕಡವಿನ ಮೇಲೊಂದು ಸೇತುವೆ ಕಟ್ಟಲು ಮತ್ತೆ ಇಪ್ಪತ್ತಮೂರು ವರ್ಷ ಬೇಕಾಯಿತು.

ಲಾಂಚಿನ ಸೊಗಸು ಎಂಬುದನ್ನು ದಡದ ಆ ಬದಿಯಿಂದ ನೋಡಬೇಕು. ಕತ್ತಲಾದ ಮೇಲೆ ಲಾಂಚ್ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ಹಿಡಿದುಕೊಂಡರೆ, ಎದುರು ದಡದ ದೀಪ ಕಾಣುತ್ತಿದ್ದರೂ ಅಲ್ಲಿಗೆ ತಲುಪುವ ದಾರಿ ಇಲ್ಲ. ಮಳೆ ತಡವಾದ ವರ್ಷಗಳಲ್ಲಿ ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಸಾಲು ರಜೆ ಬಂದರಂತೂ ಊರಿನವರು ತಮ್ಮ ಊರಿಗೇ ಹೋಗಲು ಪ್ರವಾಸಿ ಕಾರುಗಳ ಸಾಲಿನ ಹಿಂದೆ ನಿಲ್ಲಬೇಕಿತ್ತು. ಪೇಟೆಯವರು ಕಂಡ ‘ದ್ವೀಪದ ನೆಮ್ಮದಿ’ಗೆ ಆಚೆ ದಡದವರು ಅರವತ್ತು ವರ್ಷ ತೆತ್ತ ಬೆಲೆ ಇದು. ಮೊದಲು ಈ ಕಣಿವೆಯಿಂದ ವಿದ್ಯುತ್ತನ್ನು ಒಯ್ದರು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತೆತ್ತಿದರು; ಮಲೆನಾಡು ಬೀದಿಗಿಳಿಯಿತು. ಈಗ ಕೇಳುತ್ತಿರುವುದು ಮೌನವನ್ನು. ಅದನ್ನೂ ಇಲ್ಲಿಯವರೇ ಸಂಪರ್ಕವಿಲ್ಲದೆ ಬದುಕಿ ಒದಗಿಸಬೇಕಂತೆ!

ಹಾಗೆಂದು ಸೇತುವೆಯ ಹೆಸರಿನಲ್ಲಿ ಪಟಾಕಿ ಹಚ್ಚಿದವರ ಮಾತನ್ನೂ ಪೂರ್ತಿ ಒಪ್ಪಬೇಕಾಗಿಲ್ಲ. ಅವರಲ್ಲಿ ಕೆಲವರ ಕಣ್ಣು ತುಮರಿಯ ರೋಗಿಯ ಮೇಲಿಲ್ಲ, ಬ್ಯಾಕೋಡಿನ ವಿದ್ಯಾರ್ಥಿಯ ಮೇಲಿಲ್ಲ; ಹಿನ್ನೀರಿನ ಅಂಚಿನ ನೆಲದ ಮೇಲಿದೆ. ಮುಳುಗಡೆ ಸಂತ್ರಸ್ತರು ಉಳುವ ಭೂಮಿಗೆ ಹಕ್ಕುಪತ್ರದ ವಿವಾದ ಎರಡು ತಲೆಮಾರು ಕಳೆದರೂ ಮುಗಿದಿಲ್ಲ. ಆ ಭೂಮಿಯ ಪಕ್ಕದಲ್ಲೇ ರೆಸಾರ್ಟಿನ ಬೇಲಿ ಏಳುವುದಾದರೆ ಅದಕ್ಕೆ ಅಭಿವೃದ್ಧಿಯೆಂಬ ಹೆಸರು ಹೇಗೆ ಸಲ್ಲುತ್ತದೆ? ಲಾಂಚಿಗೆ ಒಂದು ಗುಣವಿತ್ತು: ಅದು ಒಮ್ಮೆಗೆ ಇಂತಿಷ್ಟೇ ವಾಹನ ಹೊರುತ್ತಿತ್ತು. ಸೇತುವೆಗೆ ಆ ಮಿತಿಯಿಲ್ಲ. 2025ರ ಆಗಸ್ಟ್ 15 ಶುಕ್ರವಾರ ಬಂದಿತ್ತು. ಸೇತುವೆ ತೆರೆದು ಒಂದು ತಿಂಗಳಾಗಿತ್ತಷ್ಟೆ. ಅಂಥ ಮೂರು ದಿನದ ಬಿಡುವು ವರ್ಷಕ್ಕೆ ಹಲವು ಬಾರಿ ಬರುತ್ತದೆ. ನೀರು ಹಾಕಿದ್ದ ಮಿತಿಯನ್ನು ಇನ್ನು ಮನುಷ್ಯರೇ ಹಾಕಬೇಕು. ಮಿತಿ ಯಾರಿಗೆ ಎಂಬುದೇ ಪ್ರಶ್ನೆ.

ಅಮೆರಿಕದ ಹ್ಯೂರಾನ್ ಸರೋವರದಲ್ಲಿ ಮ್ಯಾಕಿನಾ ಎಂಬ ದ್ವೀಪವಿದೆ. 1898ರಲ್ಲಿಯೇ ಅಲ್ಲಿಯ ಗ್ರಾಮಾಡಳಿತ ಮೋಟಾರು ವಾಹನಗಳನ್ನು ನಿಷೇಧಿಸಿತು. ಇಂದಿಗೂ ಅಲ್ಲಿಗೆ ಹೋದವರು ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ, ಕುದುರೆಗಾಡಿ ಏರುತ್ತಾರೆ. ಆದರೆ ಆ ದ್ವೀಪದಲ್ಲಿ ಆಂಬುಲೆನ್ಸ್ ಇದೆ, ಅಗ್ನಿಶಾಮಕ ವಾಹನವಿದೆ. ನಿಷೇಧ ಮಾಡಿದ್ದು ಊರಿನವರು, ಹೊರಗಿನಿಂದ ಬಂದ ವಿಲಾಸವನ್ನು ತಡೆಯಲು. ಲಿಂಗನಮಕ್ಕಿಯ ಆಚೆ ನಡೆದದ್ದು ಇದರ ತಲೆಕೆಳಗು: ವಿಲಾಸದ ಕಾರು ಹಗಲಲ್ಲಿ ಲಾಂಚೇರಿ ದಾಟಿತು, ರಾತ್ರಿಯ ರೋಗಿ ದಡದಲ್ಲೇ ಉಳಿದ.

ಮುಂಬಯಿಯ ಸಮೀಪದ ಮಾಥೇರಾನ್ ಗಿರಿಧಾಮವೂ ಮೋಟಾರಿಲ್ಲದ ಊರು. 2003ರಲ್ಲಿ ಅದನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಲಾಯಿತು. ಅಲ್ಲಿಂದ ಕಲಿಯಬೇಕಾದ ಪಾಠ ಇನ್ನೊಂದೂ ಇದೆ. ಕಾರು ನಿಂತ ಕಡೆ ಮನುಷ್ಯರನ್ನು ಮನುಷ್ಯರೇ ಎಳೆಯುವ ಕೈಗಾಡಿ ಓಡಿತು. ಅದನ್ನು ನಿಲ್ಲಿಸಿ ಎಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಹೊಗೆಯಿಲ್ಲದ ರಜೆಗಾಗಿ ಬಡವನ ಹೆಗಲು ಸವೆಯುವುದಾದರೆ ಅದನ್ನು ಪರಿಸರಪ್ರೇಮ ಎನ್ನುವುದು ನಾಚಿಕೆಗೇಡು.

ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ತಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಅಧಿಕಾರಿಗಳು ಕೈಚೆಲ್ಲುವುದುಂಟು. ಬಂಡೀಪುರದ ನಡುವಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿಂತಿದೆ. ಆಂಬುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ಅಲ್ಲಿ ದಾರಿ. ಉದಕಮಂಡಲ, ಕೊಡೈಕೆನಾಲ್‌ಗಳಿಗೆ ಹೋಗುವ ಹೊರಗಿನ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ಇ-ಪಾಸ್ ಬಂತು. ಸ್ಥಳೀಯರ ವಾಹನಗಳಿಗೆ ವಿನಾಯಿತಿ ಕೊಟ್ಟರು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಮೇಲೆ ಜನಸಾಗರ ಮುತ್ತಿದ ಬಳಿಕ ಕರ್ನಾಟಕದ ಅರಣ್ಯ ಇಲಾಖೆಯೇ ಚಾರಣಿಗರ ಸಂಖ್ಯೆಗೆ ಮಿತಿ ಹಾಕಿತು. ಬೆಟ್ಟದ ಮೇಲೆ ಸಾಧ್ಯವಾದುದು ಹಿನ್ನೀರಿನ ದಡದಲ್ಲಿ ಏಕೆ ಅಸಾಧ್ಯ?

ಆದ್ದರಿಂದ ಕೇಳಬೇಕಾದುದು ಇದು. ಸೇತುವೆ ಆಚೆಯ ಹಳ್ಳಿಗಳಿಗೆ ಹಗಲಿರುಳೂ ತೆರೆದಿರಲಿ: ಅವರ ಬೈಕು, ಅವರ ಜೀಪು, ಅಡಿಕೆ ಹೊತ್ತ ಪಿಕಪ್ಪು, ಮದುವೆ ದಿಬ್ಬಣ, ಶಾಲೆಯ ಬಸ್ಸು, ಎಲ್ಲಕ್ಕೂ. ವಿಹಾರಕ್ಕೆ ಬರುವ ಖಾಸಗಿ ಕಾರು ಸಾಲು ರಜೆಯ ದಿನಗಳಲ್ಲಿ ಅಂಬಾರಗೋಡ್ಲಿನ ದಡದಲ್ಲೇ ನಿಲ್ಲಲಿ. ಅಲ್ಲಿಂದ ಬಸ್ಸು ಸಾಗಲಿ. ನಡೆಯಬಲ್ಲವರು ಸೇತುವೆಯ ಮೇಲೆ ನಡೆಯಲಿ. ಲಾಂಚಿನ ಸೊಗಸಿಗಾಗಿ ಕೊರಗುವವರಿಗೆ ಲಾಂಚನ್ನೇ ಓಡಿಸಲಿ, ಟಿಕೆಟ್ಟು ಕೊಟ್ಟು ಏರಲಿ. ಅದರ ಚುಕ್ಕಾಣಿ ಹಿಡಿದು ಬದುಕಿದವರಿಗೆ ಕೆಲಸವೂ ಉಳಿಯುತ್ತದೆ. ಇನ್ನೊಬ್ಬರ ಬದುಕಿಗೆ ಅಡ್ಡ ಬರದ ದ್ವೀಪವೇ ಬೇಕೆನ್ನುವವರಿಗೆ ಹೊನ್ನೆಮರಡುವಿನ ನಡುಗಡ್ಡೆಯಿದೆ: ದೋಣಿಗೆ ಹುಟ್ಟು ಹಾಕಿ ಹೋಗಿ, ಡೇರೆಯಲ್ಲಿ ಮಲಗಿ, ತಂದ ಕಸವನ್ನು ಹೊತ್ತು ಮರಳಲಿ.

ಇದರಿಂದ ಭಕ್ತರಿಗೆ ತೊಂದರೆ ಎಂಬ ಕೂಗು ಬರುವುದು ಖಂಡಿತ. ಸಿಗಂದೂರಿನ ಚೌಡಮ್ಮನಿಗೆ ನಡೆದುಕೊಳ್ಳುವವರು ಬಯಲುಸೀಮೆಯಲ್ಲೂ ಇದ್ದಾರೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಹತ್ತನೆಯ ಶತಮಾನದ ಕಲ್ಲೇಶ್ವರನ ಗುಡಿಯಿದೆ, ಹತ್ತಿರದಲ್ಲೇ ಕೆರೆಯಿದೆ. ಸಾಲು ರಜೆಯ ಕಾರುಗಳ ಮೆರವಣಿಗೆ ಆ ಕಡೆ ತಿರುಗುವುದಿಲ್ಲ ಎಂಬುದು ಬೇರೆ ಮಾತು. ಅಂಥ ಊರಿನಿಂದ ಹರಕೆ ಹೊತ್ತು ಬರುವ ಬಡ ಭಕ್ತರು ಕೊಟ್ಟೂರಿನಲ್ಲೋ ಹರಪನಹಳ್ಳಿಯಲ್ಲೋ ಬಸ್ಸು ಹಿಡಿದು, ಶಿವಮೊಗ್ಗ, ಸಾಗರಗಳಲ್ಲಿ ಇಳಿದು ಹತ್ತಿ ಬರುವವರು. ಅವರಿಗೆ ಅಂಬಾರಗೋಡ್ಲಿನಲ್ಲಿ ಇನ್ನೊಂದು ಬಸ್ಸು ಭಾರವಲ್ಲ. ಬಸ್ಸು ಹೆಚ್ಚಿದರೆ ಲಾಭವೇ. ಮುಳುಗಡೆ ಎಂದರೇನೆಂದು ಆ ಸೀಮೆಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟೆ ನಿಂತಾಗ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಊರುಗಳೂ ನೀರಿನಡಿ ಸೇರಿದವು. ತೊಂದರೆ ಆಗುವುದು ಗುಡಿಯ ಬಾಗಿಲವರೆಗೆ ಕಾರಿನಲ್ಲೇ ಹೋಗಿ, ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಜೋಗಕ್ಕೆ ಓಡಬೇಕಾದವರಿಗೆ ಮಾತ್ರ.

ಯಾವ ದಿನ ತಡೆ, ಯಾರಿಗೆ ವಿನಾಯಿತಿ, ನಿಲುಗಡೆಯ ಶುಲ್ಕದಲ್ಲಿ ಎಷ್ಟು ಪಾಲು ಯಾವ ಊರಿಗೆ ಎಂಬುದನ್ನು ಬೆಂಗಳೂರಿನ ಪ್ರವಾಸೋದ್ಯಮ ಇಲಾಖೆ ಬರೆದು ಕಳಿಸುವುದಲ್ಲ. ಸೇತುವೆಯ ಎರಡೂ ದಡಗಳ ಗ್ರಾಮಸಭೆಗಳು ಕೂತು ನಿರ್ಣಯ ಬರೆದು, ಸಹಿ ಹಾಕಿ, ಜಿಲ್ಲಾಧಿಕಾರಿಗೆ ಮುಟ್ಟಿಸಬೇಕು. ಅದೂ ಮುಂದಿನ ಸಾಲು ರಜೆಗೆ ಮುಂಚೆ.