ಹತ್ತು ಕೈ ಬೇಡ, ಒಂದು ಡೈರಿ ಸಾಕು

"ಅಕ್ಕಾರ, ನನ್ನ ಜಂಪರ್ ಆತೇನ್ರಿ?"

ಬೆಳಿಗ್ಗೆ ಚಹಾಕ್ಕೆ ಇಟ್ಟಾಗಲೇ ಬಾಗಿಲಲ್ಲಿ ಈ ದನಿ ಕೇಳಿದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಯಾವ ಜಂಪರು? ಯಾರದು? ಅಸ್ತರು ನೆನೆ ಹಾಕಿದ್ದೇನಾ? ಕತ್ತರಿಸಿದ್ದೇನಾ? ಏನೂ ನೆನಪಾಗುತ್ತಿರಲಿಲ್ಲ. ಆದರೂ ನಗುತ್ತಾ "ಸಂಜಿಕ ಬರ್ರಿ, ಹುಕ್ಕು ಹಚ್ಚೋದು ಒಂದ ಉಳದೈತಿ" ಎಂದು ಸುಳ್ಳು ಹೇಳುತ್ತಿದ್ದೆ. ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಯಾವ ಗೃಹಿಣಿಯನ್ನಾದರೂ ಕೇಳಿ ನೋಡಿ, ಈ ಸುಳ್ಳು ಹೇಳದವಳು ಸಿಗುವುದು ಕಷ್ಟ.

ಶಿಗ್ಗಾವಿಯಲ್ಲಿ ನಮ್ಮದೊಂದು ಸಣ್ಣ ವ್ಯವಹಾರ. ಯಜಮಾನರದು ಕುಶನ್ ಕೆಲಸ. ಹೆದ್ದಾರಿಯ ಊರಾದ್ದರಿಂದ ಲಾರಿ, ಟ್ರ್ಯಾಕ್ಟರ್, ಬೈಕುಗಳ ಸೀಟು ಬರುತ್ತವೆ. ಜೊತೆಗೆ ಸೋಫಾ ರಿಪೇರಿ, ಗಾದಿ, ಲೋಡು, ತಲೆದಿಂಬು. ಅವುಗಳ ಕವರ್ ಹೊಲಿಯುವುದು ನನ್ನ ಪಾಲು. ಇದರ ಮೇಲೆ ಓಣಿಯ ಹೆಂಗಸರ ಜಂಪರು, ಫಾಲ್, ಪಿಕೋ, ಮಕ್ಕಳ ಸಮವಸ್ತ್ರ. ಸವಣೂರು, ಹಾನಗಲ್ ಕಡೆಯಿಂದಲೂ ಗಿರಾಕಿಗಳಿದ್ದಾರೆ. ತವರು ಹಿರೇಕೆರೂರಿನಿಂದ ಅಕ್ಕತಂಗಿಯರು ಹಳೇ ಸೀರೆಗಳ ಗಂಟು ಕಟ್ಟಿ ಕೌದಿಗೆ ಕಳಿಸುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪತ್ರಿಕೆಗೆ ನಾಲ್ಕು ಸಾಲು ಬರೆಯುವ ಹುಚ್ಚು ಬೇರೆ. "ಎಷ್ಟೊಂದು ಮಾಡ್ತೀರಿ, ನಿಮಗ ಹತ್ತು ಕೈ ಅದಾವ ನೋಡ್ರಿ" ಎಂದು ಯಾರಾದರೂ ಹೊಗಳಿದರೆ ಉಬ್ಬಿ ಹೋಗುತ್ತಿದ್ದೆ. ಆ ಹೊಗಳಿಕೆಯೇ ನನ್ನನ್ನು ಹಾಳು ಮಾಡಿತು ಎಂದು ಈಗ ಅನ್ನಿಸುತ್ತದೆ.

ಆ ಗುರುವಾರ

ಒಮ್ಮೆ ಹಾನಗಲ್ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಬಂದಿದ್ದರು. ಮಗಳಿಗೆ ಕುಬಸ. ನಮ್ಮ ಉತ್ತರ ಕರ್ನಾಟಕದಲ್ಲಿ ಸೀಮಂತಕ್ಕೆ ಕುಬಸ ಅನ್ನುತ್ತಾರೆ. ಕುಬಸ ಅಂದರೆ ರವಿಕೆ. ತವರಿನವರು ಬಸುರಿ ಮಗಳಿಗೆ ಹಸಿರು ಸೀರೆ, ಹಸಿರು ಕುಬಸ ತಂದು, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುತ್ತಾರೆ. ಆ ಕಾರ್ಯಕ್ಕೆ ಹೆಸರು ಕೊಟ್ಟಿರುವುದೇ ಆ ಬಟ್ಟೆ. "ಶುಕ್ರವಾರ ಕಾರ್ಯ ಐತಿ, ಗುರುವಾರ ಮುಂಜಾನೆ ಕೊಟ್ಟಬಿಡವ್ವಾ" ಎಂದರು. ಇನ್ನೂ ತಿಂಗಳೂವರೆ ಸಮಯವಿತ್ತು. ಮಗಳ ಅಳತೆ ತೆಗೆದುಕೊಂಡೆ, ಬಟ್ಟೆ ಇಟ್ಟುಕೊಂಡೆ, ಮರೆತೂಬಿಟ್ಟೆ.

ಅದೇ ವಾರ ಒಂದು ಕಚೇರಿಯ 24 ಖುರ್ಚಿಗಳ ಸೀಟು ಬದಲಿಸುವ ಕೆಲಸ ಬಂತು. ಒಟ್ಟಿಗೆ ಅಷ್ಟು ದೊಡ್ಡ ಕೆಲಸ ನಮಗೆ ಬಂದದ್ದೇ ಮೊದಲು. ಭಾನುವಾರ ಶುರು ಮಾಡಿ ಮಂಗಳವಾರ ಮುಗಿಸುತ್ತೇನೆ, ಬುಧವಾರ ಜಂಪರಿಗೆ ಕೂರುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆದರೆ ಗುರುವಾರ ಬಂದರೂ ಖುರ್ಚಿ ಮುಗಿದಿರಲಿಲ್ಲ. ಆ ತಾಯಿ ಬಂದು ನಿಂತಾಗ ಹಸಿರು ಬಟ್ಟೆ ರೆಕ್ಸಿನ್ ಸುರುಳಿಯ ಕೆಳಗೆ, ಅವರು ಕೊಟ್ಟ ಮಡಿಕೆಯಲ್ಲೇ ಇತ್ತು.

ನಾನು ಬಿಳುಚಿಕೊಂಡೆ. ಅವರೇನೂ ಬೈಯಲಿಲ್ಲ. "ಇರ್ಲಿ ಬಿಡವ್ವಾ, ನಿಂದೂ ಸಂಸಾರ ಐತಿ. ಈಗರ ಹೊಲಿ, ನಾ ಕುಂಡರ್ತೀನಿ" ಎಂದು ಸಂಜೆಯವರೆಗೆ ಜಗುಲಿಯ ಮೇಲೆ ಕೂತರು. ಊರಲ್ಲಿ ಮರುದಿನದ ಕೆಲಸ ಎಷ್ಟಿತ್ತೋ ಅವರಿಗೆ! ಗಡಿಬಿಡಿಯಲ್ಲಿ ಕತ್ತರಿಸಿದೆ, ಹೊಲಿದೆ, ಕೊಟ್ಟೆ. ಎರಡು ದಿನ ಬಿಟ್ಟು ಅದೇ ಊರಿನ ಇನ್ನೊಬ್ಬ ಗಿರಾಕಿಯಿಂದ ವಿಷಯ ಗೊತ್ತಾಯಿತು. ತೋಳು ಬಿಗಿಯಾಗಿ ಆ ಹುಡುಗಿ ಕುಬಸ ತೊಡಲು ಆಗಿರಲಿಲ್ಲ. ಯಾವುದೋ ಹಳೇ ಜಂಪರು ಹಾಕಿಕೊಂಡು ಆರತಿಗೆ ಕೂತಿದ್ದಳಂತೆ. ಬಸುರಿಯ ಮೈ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ತಿಂಗಳೂವರೆ ಹಿಂದಿನ ಅಳತೆಗೆ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಡಬೇಕು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬಿಚ್ಚಿ ಸಡಿಲ ಮಾಡಲೂ ಒಳಗೆ ಬಟ್ಟೆ ಬಿಟ್ಟಿರಲಿಲ್ಲ. ಗಡಿಬಿಡಿ ನನ್ನ ಕೈಯಿಂದ ಆ ತಪ್ಪು ಮಾಡಿಸಿತ್ತು.

ಆ ತಾಯಿ ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ.

ಲೆಕ್ಕ ಎಲ್ಲಿ ತಪ್ಪಿತು?

ಎಷ್ಟೋ ದಿನ ನನ್ನ ಹಣೆಬರಹವನ್ನು ಬೈದುಕೊಂಡೆ. ಆಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದು ಸೀಟಿಗೆ ಅರ್ಧ ಗಂಟೆ ಅಂದುಕೊಂಡಿದ್ದೆ, 24ಕ್ಕೆ 12 ಗಂಟೆ. ನಿಜವಾಗಿ ಹಿಡಿದದ್ದು ಹಳೇ ರೆಕ್ಸಿನ್ ಕೀಳುವುದು, ಪಿನ್ನು ತೆಗೆಯುವುದು, ಅಳತೆ, ಕತ್ತರಿ, ಹೊಲಿಗೆ ಎಲ್ಲ ಸೇರಿ ಸೀಟಿಗೆ ಒಂದೂಕಾಲು ಗಂಟೆ. ಅಂದರೆ 30 ಗಂಟೆ. ಇನ್ನು ದಿನಕ್ಕೆ ನನಗೆ ಸಿಗುವ ಗಂಟೆಗಳೆಷ್ಟು? ಅಡುಗೆ, ಮಕ್ಕಳ ಡಬ್ಬಿ, ನಳ ಬಂದ ದಿನ ನೀರು ತುಂಬುವುದು, ಬಂದವರು ಹೋದವರು, ಕರೆಂಟು ಹೋದ ಹೊತ್ತು ಕಳೆದರೆ ಗಟ್ಟಿಯಾಗಿ ಉಳಿಯುವುದು ನಾಲ್ಕು ಗಂಟೆ. ಮೂರು ದಿನದ ಕೆಲಸ ಎಂಟು ದಿನಕ್ಕೆ ಹೋದದ್ದರಲ್ಲಿ ಆಶ್ಚರ್ಯವೇನಿದೆ ಹೇಳಿ?

ನಮ್ಮಂಥವರ ವ್ಯವಹಾರ ಕೆಡುವುದು ಕೆಲಸ ಇಲ್ಲದೆ ಅಲ್ಲ, ಬಂದ ಕೆಲಸಕ್ಕೆಲ್ಲ "ಹೂಂ" ಅನ್ನುವುದರಿಂದ. ಬೇಡ ಅಂದರೆ ಗಿರಾಕಿ ಹೋದಾರು ಎಂಬ ಭಯ ಒಂದು, ನೆಂಟರಿಗೆ ಹೇಗೆ ಇಲ್ಲ ಅನ್ನುವುದು ಎಂಬ ದಾಕ್ಷಿಣ್ಯ ಇನ್ನೊಂದು. ದುರ್ಗೆಗೆ ಹತ್ತು ಕೈ ಇರಬಹುದು, ನಮ್ಮ ಹೊಲಿಗೆ ಯಂತ್ರಕ್ಕೆ ಸೂಜಿ ಒಂದೇ.

ಸೂಜಿಯ ಮಾತನ್ನೇ ನೋಡಿ. ತೆಳು ರೇಷ್ಮೆಗೆ 11ನೇ ನಂಬರು, ಸಾದಾ ಹತ್ತಿ ಬಟ್ಟೆಗೆ 14, ರೆಕ್ಸಿನ್ ಮತ್ತು ದಪ್ಪ ಸೋಫಾ ಬಟ್ಟೆಗೆ 16 ಅಥವಾ 18. ಜಂಪರಿನಿಂದ ಸೀಟಿಗೆ, ಸೀಟಿನಿಂದ ಜಂಪರಿಗೆ ಹಾರುವಾಗಲೆಲ್ಲ ಸೂಜಿ, ದಾರ, ಬಾಬಿನ್, ಹೊಲಿಗೆಯ ಬಿಗಿ ಎಲ್ಲ ಬದಲಿಸಬೇಕು. ಒಂದು ಚಿಂದಿಯ ಮೇಲೆ ಹೊಲಿದು ನೋಡಬೇಕು. ಪ್ರತಿ ಸಲ ಕಾಲು ಗಂಟೆ. ದಿನಕ್ಕೆ ನಾಲ್ಕು ಸಲ ಹಾರಿದರೆ ಒಂದು ಗಂಟೆ ಹೋಯಿತು. ಮನಸ್ಸೂ ಹಾಗೆಯೇ, ಅದಕ್ಕೂ ದಾರ ಬದಲಿಸಲು ಹೊತ್ತು ಬೇಕು.

ನಾನು ಕಲಿತದ್ದು

ಆ ಘಟನೆಯ ನಂತರ ಒಂದು ಡೈರಿ ಇಟ್ಟೆ. ದೊಡ್ಡ ವಿದ್ಯೆಯೇನಲ್ಲ, ನೀವೂ ಮಾಡಬಹುದು.

ಬಟ್ಟೆ ಕೈಗೆ ತೆಗೆದುಕೊಳ್ಳುವ ಮೊದಲು ಡೈರಿ ತೆರೆಯಿರಿ. ಹೆಸರು, ಅಳತೆ, ಯಾವ ಕಾರ್ಯಕ್ಕೆ, ಎಂದು ಬೇಕು, ಎಷ್ಟು ಗಂಟೆ ಹಿಡಿಯುತ್ತದೆ ಬರೆಯಿರಿ. ಅಂದುಕೊಂಡ ಗಂಟೆಗೆ ಅರ್ಧದಷ್ಟು ಸೇರಿಸಿ, ಹೊಸ ಕೆಲಸವಾದರೆ ಎರಡು ಪಟ್ಟು ಮಾಡಿ. ಆ ವಾರದ ಗಂಟೆ ತುಂಬಿದ್ದರೆ ಮುಂದಿನ ವಾರದ ದಿನ ಹೇಳಿ. "ಬುಧವಾರ ಆಗೂದಿಲ್ರಿ, ಸೋಮವಾರ ಖರೇನ ಕೊಡ್ತೀನಿ" ಅಂದರೆ ಹತ್ತರಲ್ಲಿ ಎಂಟು ಜನ ಒಪ್ಪುತ್ತಾರೆ. ಗಿರಾಕಿಗೆ ತಡವಾಗುವುದಕ್ಕಿಂತ ಹೆಚ್ಚು ಸಿಟ್ಟು ತರಿಸುವುದು ಸುಳ್ಳು ದಿನಾಂಕ.

ಎರಡನೆಯದು, ಈ ವಾರ ಹೊಲಿಯುವುದಕ್ಕೆ ಮಾತ್ರ ಕತ್ತರಿ ಹಾಕಿ. ಕತ್ತರಿ ಹಾಕದ ಬಟ್ಟೆಯನ್ನು ಕೈಮುಗಿದು ವಾಪಸು ಕೊಡಬಹುದು, ಬೇರೆಯವರ ಹತ್ತಿರ ಹೊಲಿಸಿಕೊಂಡಾರು. ಕತ್ತರಿ ಬಿದ್ದ ಬಟ್ಟೆ ನಮ್ಮ ತಲೆಯ ಮೇಲಿನ ಸಾಲ. ನಾನೊಮ್ಮೆ ಹುರುಪಿನಲ್ಲಿ ಒಂದೇ ದಿನ 11 ಜಂಪರು ಕತ್ತರಿಸಿ ಯಾವ ತೋಳು ಯಾವುದರದ್ದೆಂದು ಹುಡುಕಿದ್ದೇನೆ!

ಮೂರನೆಯದು, ಒಂದೇ ಜಾತಿಯ ಕೆಲಸ ಒಂದೇ ದಿನ ಇಟ್ಟುಕೊಳ್ಳಿ. ನನಗೆ ಸೋಮವಾರ, ಮಂಗಳವಾರ ದಪ್ಪ ಬಟ್ಟೆ. ಬುಧವಾರದಿಂದ ಶುಕ್ರವಾರ ಜಂಪರು. ಶನಿವಾರ ಹುಕ್ಕು, ಫಾಲು, ಕೈಹೊಲಿಗೆ. ಅಸ್ತರನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಒಣಗಿಸಿಟ್ಟರೆ ಹೊಲಿದ ಮೇಲೆ ಕುಗ್ಗುವ ತಂಟೆಯಿಲ್ಲ. ಸೋಫಾ ಕವರ್ ಬಿಚ್ಚುವಾಗ ಪ್ರತಿ ತುಂಡಿನ ಮೇಲೆ "ಎಡಗೈ", "ಬೆನ್ನು" ಎಂದು ಸೀಮೆಸುಣ್ಣದಲ್ಲಿ ಬರೆಯಿರಿ. ಹಳೆಯ ತುಂಡೇ ಹೊಸದಕ್ಕೆ ಮಾದರಿ. ವೆಲ್ವೆಟ್ ಆದರೆ ರೋಮದ ದಿಕ್ಕು ಎಲ್ಲ ತುಂಡಿಗೂ ಒಂದೇ ಕಡೆಗಿರಲಿ, ಇಲ್ಲದಿದ್ದರೆ ಒಂದೇ ಸೋಫಾ ಎರಡು ಬಣ್ಣದ್ದಾಗಿ ಕಾಣುತ್ತದೆ.

ನಾಲ್ಕನೆಯದು ಮುಂಗಡ. ನಮ್ಮ ಕಡೆ "ಗೋವಿನಜೋಳ ಮಾರಿದ ಮ್ಯಾಲೆ ಕೊಡ್ತೀನ್ರಿ" ಅನ್ನುವುದು ಮಾಮೂಲು. ರೈತರ ಕಷ್ಟ ನಮಗೂ ಗೊತ್ತು. ಕೂಲಿಗೆ ಕಾಯೋಣ, ಆದರೆ ಫೋಮು, ರೆಕ್ಸಿನ್, ಬಟ್ಟೆಯ ದುಡ್ಡನ್ನು ಮೊದಲೇ ಇಸಿದುಕೊಳ್ಳಬೇಕು. ಇಲ್ಲವಾದರೆ ಸಾಮಾನಿನ ಸಾಲ ತೀರಿಸಲು ಇನ್ನೊಂದು ಕೆಲಸ ಒಪ್ಪಿಕೊಳ್ಳುತ್ತೇವೆ, ಮತ್ತೆ ಅದೇ ಸುಳಿ.

ಹಂಗಾಮಿನ ಅಂದಾಜೂ ಇರಲಿ. ಬೇಸಿಗೆಯಲ್ಲಿ ಮದುವೆ, ಜೂನ್‌ನಲ್ಲಿ ಸಮವಸ್ತ್ರ, ಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳ ಜಂಪರು, ಆಮೇಲೆ ಗಣಪತಿ, ದಸರಾ, ದೀಪಾವಳಿ. ಈ ದಿನಗಳಲ್ಲಿ ಸೋಫಾ ಕೆಲಸ ಒಪ್ಪಿಕೊಳ್ಳಬೇಡಿ. ಸೋಫಾ ಒಂದು ತಿಂಗಳು ಕಾಯುತ್ತದೆ, ಕುಬಸ ಕಾಯುವುದಿಲ್ಲ.

ಎಲ್ಲ ಹೊಲಿಗೆ ನಮ್ಮದೇ ಆಗಬೇಕೆ?

ಸುಧಾ ಮೂರ್ತಿಯವರು ಹುಟ್ಟಿದ್ದು ನಮ್ಮ ಶಿಗ್ಗಾವಿಯಲ್ಲಿ, 1950ರಲ್ಲಿ. 2017ರಲ್ಲಿ ಬಂದ ಅವರ ಇಂಗ್ಲಿಷ್ ಪುಸ್ತಕದ ಹೆಸರೇ 'ಥ್ರೀ ಥೌಸಂಡ್ ಸ್ಟಿಚಸ್', ಅಂದರೆ ಮೂರು ಸಾವಿರ ಹೊಲಿಗೆ. ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಣ್ಣುಮಕ್ಕಳು ಒಬ್ಬೊಬ್ಬರೂ ತಮ್ಮ ಕೈಯಿಂದ ಹೊಲಿಗೆ ಹಾಕಿ ಅವರಿಗೊಂದು ಹೊದಿಕೆ ಕೊಟ್ಟ ಪ್ರಸಂಗ ಅದರಲ್ಲಿದೆ. ಅದರ ದೊಡ್ಡ ಅರ್ಥವೇ ಬೇರೆ, ನಿಜ. ಆದರೆ ಹೊಲಿಗೆಯವಳಾದ ನನಗೆ ಅದರಲ್ಲಿ ಇನ್ನೊಂದು ಮಾತೂ ಕಂಡಿತು. ಮೂರು ಸಾವಿರ ಹೊಲಿಗೆಯನ್ನು ಒಬ್ಬಳೇ ಹಾಕಬೇಕೆಂದು ಯಾರೂ ಹೇಳಿಲ್ಲ.

ಕೌದಿಯನ್ನೇ ನೋಡಿ. ನಮ್ಮ ಅಜ್ಜಿಯಂದಿರು ಒಬ್ಬರೇ ಕೂತು ಕೌದಿ ಹೊಲಿದವರಲ್ಲ. ಮಧ್ಯಾಹ್ನ ಓಣಿಯ ನಾಲ್ವರು ನಾಲ್ಕು ಅಂಚಿಗೆ ಕೂತು, ಮಾತಾಡುತ್ತಾ ಹೊಲಿಯುತ್ತಿದ್ದರು. ನಾನೀಗ ಹುಕ್ಕು, ಫಾಲು ಕೆಲಸವನ್ನು ಪಕ್ಕದ ಓಣಿಯ ಇಬ್ಬರಿಗೆ ಕೊಡುತ್ತೇನೆ. ನಗಕ್ಕೆ ಇಷ್ಟು ಎಂದು ಶನಿವಾರ ಸಂಜೆಯೇ ದುಡ್ಡು. ನನ್ನ ಲಾಭ ಸ್ವಲ್ಪ ಕಡಿಮೆಯಾಯಿತು, ಸುಳ್ಳು ಹೇಳುವುದು ನಿಂತಿತು.

ಮನೆಯವರಿಗೂ ಒಂದು ಮಾತು

ಅಂಗಡಿಯಲ್ಲಿ ಕೂತು ಸೀಟು ಹೊಲಿದರೆ ಅದು ಉದ್ಯೋಗ. ಅದೇ ಸೀಟಿನ ಕವರನ್ನು ಮನೆಯಲ್ಲಿ ಕೂತು ಹೊಲಿದರೆ "ಮನಿಯಾಗ ಕುಂತು ಏನೋ ಮಾಡ್ತಾಳ". ಇದು ಯಾವ ನ್ಯಾಯ? ಯಂತ್ರದ ಮುಂದೆ ಕೂತವಳನ್ನು ಚಹಾಕ್ಕೆ, ಕಾಣದ ಕಾಲುಚೀಲಕ್ಕೆ, ಬಾಗಿಲು ತೆರೆಯಲು ಹತ್ತು ಸಲ ಎಬ್ಬಿಸುವುದು ಮನೆಯವರೇ. ನಮ್ಮ ಯಜಮಾನರ ಎದುರು ನಾನು ಜಗಳವಾಡಲಿಲ್ಲ, ಡೈರಿ ಇಟ್ಟೆ. ತಿಂಗಳಿಗೆ ನಾನು ದುಡಿದ ಗಂಟೆ, ಬಂದ ಹಣ ನೋಡಿ ಅವರೇ ಸುಮ್ಮನಾದರು. ಈಗ ನಳ ಬಂದ ದಿನ ನೀರು ತುಂಬುವುದು ಅವರ ಪಾಲು.

ಹಣಕಾಸಿಗೂ ದಾರಿಗಳಿವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿ, 15 ಸಾವಿರ ರೂಪಾಯಿವರೆಗಿನ ಸಲಕರಣೆ ನೆರವು, ಶೇ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷದವರೆಗೆ ಸಾಲ ಅದರಲ್ಲಿದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಬಗ್ಗೆಯೂ ವಿಚಾರಿಸಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಹುಬ್ಬಳ್ಳಿಗೋ ದಾವಣಗೆರೆಗೋ ನಾವೇ ಹೋಗಿ ಬಟ್ಟೆಯ ದರ ನಾಲ್ಕು ಕಡೆ ಕೇಳಿ ತರಬಹುದು. ಆದರೆ ಒಂದು ಮಾತು. ಸಾಲ ಸಿಗುತ್ತದೆಂದು ಎರಡನೇ ಯಂತ್ರ ತರುವ ಮೊದಲು ಮೂರು ತಿಂಗಳು ಡೈರಿ ಬರೆದು ನೋಡಿ. ನಿಮಗೆ ಕಡಿಮೆ ಇರುವುದು ಯಂತ್ರವೋ ಗಂಟೆಯೋ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ನನ್ನ ಡೈರಿಯ ಮೊದಲ ಪುಟದಲ್ಲಿ ಗಿರಾಕಿಯ ಹೆಸರಿಲ್ಲ. "ಹಸಿರು ಕುಬಸ, ಗುರುವಾರ" ಎಂದಷ್ಟೇ ಬರೆದಿದ್ದೇನೆ. ಹೊಸ ಕೆಲಸಕ್ಕೆ ಹೂಂ ಅನ್ನುವ ಮೊದಲು ಆ ಪುಟ ನೋಡುತ್ತೇನೆ. ಹೊತ್ತಿಲ್ಲ ಅನ್ನಿಸಿದರೆ "ಈ ಸಲ ಆಗೂದಿಲ್ರಿ ಅಕ್ಕಾರ" ಅನ್ನುತ್ತೇನೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು, ಈಗ ರೂಢಿಯಾಗಿದೆ. ಬೆಳಿಗ್ಗೆ ಬಾಗಿಲಲ್ಲಿ "ಜಂಪರ್ ಆತೇನ್ರಿ" ಎಂಬ ದನಿ ಕೇಳಿದರೆ ಈಗ ಎದೆ ಧಸಕ್ಕೆನ್ನುವುದಿಲ್ಲ. ಆಗಿರುತ್ತದೆ, ಹುಕ್ಕು ಸಮೇತ.