ಬೆಟ್ಟದ ಬುಡದ ಹೇಸರಗತ್ತೆಗಳು

ಮಕ್ಕಳೇ, ಚೀನೀ ಭಾಷೆಯಲ್ಲಿ ‘ಶಾನ್’ ಎಂದರೆ ಬೆಟ್ಟ, ‘ಶುಯಿ’ ಎಂದರೆ ನೀರು. ಎರಡನ್ನೂ ಸೇರಿಸಿ ‘ಶಾನ್‌ಶುಯಿ’ ಎಂದರೆ ನಿಸರ್ಗದ ಚಿತ್ರ! ಅಂಥದ್ದೊಂದನ್ನು ನಾನು ತೈವಾನಿನ ತೈಪೆ ನಗರದಲ್ಲಿರುವ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ನೋಡಿದೆ.

ನನ್ನ ಮಗನಿಗೆ ಅಲ್ಲಿ ಕೆಲಸ. ಮೈಸೂರಿನ ಶಾಲೆಯನ್ನೂ ಗೆಳೆಯರನ್ನೂ ಬಿಟ್ಟು ಹೋಗಿದ್ದ ಹತ್ತು ವರ್ಷದ ಮೊಮ್ಮಗನಿಗೆ ಆ ಊರಿನದು ಯಾವುದೂ ಹಿಡಿಸುತ್ತಿರಲಿಲ್ಲ. ಒಂದು ಚಿತ್ರ ನೋಡಿ ಹತ್ತು ಸಾಲು ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ಮುಖ ಊದಿಸಿಕೊಂಡೇ ನನ್ನ ಜೊತೆ ಬಂದ.

ನಾವು ನಿಂತದ್ದು ಫಾನ್ ಕುವಾನ್ ಎಂಬ ಚಿತ್ರಕಾರ ಸುಮಾರು 1000 ವರ್ಷಗಳ ಹಿಂದೆ ರೇಷ್ಮೆಯ ಮೇಲೆ ಬರೆದ ಚಿತ್ರದ ಮುಂದೆ. ಹೆಸರು ‘ಬೆಟ್ಟ ತೊರೆಗಳ ನಡುವೆ ಪ್ರಯಾಣಿಕರು’. ಎತ್ತರ 2 ಮೀಟರಿಗೂ ಹೆಚ್ಚು. ಬೆಳಕಿಗೆ ರೇಷ್ಮೆ ಹಾಳಾಗುತ್ತದೆಂದು ಅದನ್ನು ಅಪರೂಪಕ್ಕಷ್ಟೇ ಹೊರಗೆ ತೂಗುಹಾಕುತ್ತಾರೆ.

“ಬರೀ ಕಂದು ಬಣ್ಣ! ಮನೆಗೆ ಹೋಗೋಣ ನಡಿ ಅಜ್ಜಿ.”

“ಪ್ರಯಾಣಿಕರು ಅಂತ ಹೆಸರಿದೆಯಲ್ಲೋ, ಎಲ್ಲಿದ್ದಾರೆ? ತೋರಿಸಿಬಿಡು, ಹೋಗೋಣ.”

ಹುಡುಕತೊಡಗಿದ. ಚಿತ್ರದ ಬಹುಪಾಲು ಒಂದೇ ಬೆಟ್ಟ. ಬಂಡೆಯ ಮೈತುಂಬ ಕುಂಚದ ಚಿಕ್ಕ ಚಿಕ್ಕ ಗುರುತು. ಇದಕ್ಕೆ ‘ಮಳೆಹನಿ’ ಎಂದೇ ಹೆಸರು. ಬಲಗಡೆ ನೂಲಿನೆಳೆಯಂಥ ಜಲಪಾತ. ಬುಡದಲ್ಲಿ ಮಂಜು. ಕಣ್ಣು ಕೆಳಗಿಳಿದು ಬಲಮೂಲೆಗೆ ಬಂತು.

“ಅಜ್ಜಿ, ಇಲ್ಲಿ!” ಬೆರಳುದ್ದವೂ ಇಲ್ಲದ ಹೇಸರಗತ್ತೆಗಳು ಹೊರೆ ಹೊತ್ತು ಸಾಲಾಗಿ ನಡೆದಿದ್ದವು. ಜೊತೆಯಲ್ಲಿ ಪುಟಾಣಿ ಮನುಷ್ಯರು.

ಅವುಗಳ ಹಿಂದಿನ ಎಲೆಗಳ ಸಂದಿಯಲ್ಲಿ ಇನ್ನೊಂದು ಗುಟ್ಟಿದೆ. ಚಿತ್ರಕಾರ ತನ್ನ ಹೆಸರನ್ನು ಸಣ್ಣಗೆ ಅಲ್ಲಿ ಬರೆದಿದ್ದಾನೆ. 1958ರಲ್ಲಿ ಲಿ ಲಿನ್‌ತ್ಸಾನ್ ಎಂಬ ವಿದ್ವಾಂಸರ ಕಣ್ಣಿಗೆ ಅದು ಬಿತ್ತು. ಅದನ್ನು ಹೇಳಿದರೂ ನಮ್ಮ ಹುಡುಗ ಕತ್ತೆಗಳಿಂದ ಕಣ್ಣು ತೆಗೆಯಲಿಲ್ಲ.

“ಇಷ್ಟು ದೊಡ್ಡ ಬೆಟ್ಟದ ಹತ್ತಿರ ಇಷ್ಟೇ ಇಷ್ಟು ಜನ. ಅವರಿಗೆ ಮನೆ ನೆನಪಾಗಲ್ವಾ ಅಜ್ಜಿ?”

“ಆಗುತ್ತೆ ಕಣೋ. ಅದಕ್ಕೇ ಜೊತೆಯಾಗಿ ನಡೀತಿದ್ದಾರೆ.”

ಅವನು ಏನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡ. ಆಮೇಲೆ ಬರೆದ ಹತ್ತು ಸಾಲಿನಲ್ಲಿ ಎಂಟು ಹೇಸರಗತ್ತೆಗಳದ್ದೇ!

ದೊಡ್ಡದು ತಾನಾಗಿ ಕಣ್ಣಿಗೆ ಬೀಳುತ್ತದೆ, ಚಿಕ್ಕದನ್ನು ನಾವೇ ಹುಡುಕಬೇಕು. ನಿಮ್ಮ ಮನೆಯ ಗೋಡೆಯಲ್ಲೂ ಒಂದು ಚಿತ್ರವಿರಬಹುದು. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದು? ಅಜ್ಜ ಅಜ್ಜಿಯರ ಪಕ್ಕ ಕೂತು ಈ ವಾರ ಹುಡುಕಿ ನೋಡಿ.