ಒಂದ ಬಾಗಲಕ್ಕ ನಾಕ ಕೀಲಿಕೈ

ಕೇಳ್ರವ್ವಾ, ಈಗ ಒಂದೊಂದ ಮನ್ಯಾಗ ಇನ್‌ಕಮ್ ಟ್ಯಾಕ್ಸ್ ವೆಬ್‌ಸೈಟಿಗೆ ಮೂರ-ನಾಕ ಲಾಗಿನ್ ಇರ್ತಾವ. ನಮ್ಮಲ್ಲೆ ನಾಕ ಅವ: ಮನಿಯವರದೊಂದು, ನಂದೊಂದು, ನಮ್ಮ ಅತ್ತಿಯವರದೊಂದು, ನೌಕರಿ ಹಿಡದ ಮಗಳದೊಂದು. ಬಾಗಲಾ ಒಂದ, ಒಳಗ ಹೋಗೋ ಮಂದಿ ನಾಕು. ಎಲ್ಲಾ ಫೋನಿನ ಪಾಸ್‌ವರ್ಡ್ ಮ್ಯಾನೇಜರ್‌ದಾಗ ಅವ, ಮತ್ಯಾಕ ಚಿಂತಿ ಅಂತೀರಿ? ಚಿಂತಿ ಅಲ್ಲೇ ಸುರು ಆಗ್ತದ.

ಆ ವೆಬ್‌ಸೈಟಿನ್ಯಾಗ ಯೂಸರ್ ಐಡಿ ಅಂದ್ರ ಪ್ಯಾನ್ ನಂಬರ್. ಐದ ಅಕ್ಷರ, ನಾಕ ಅಂಕಿ, ಕಡೀಕ ಮತ್ತೊಂದ ಅಕ್ಷರ. ನಮ್ಮ ನಿಮ್ಮಂಥವರ ಪ್ಯಾನಿನ್ಯಾಗ ನಾಕನೇ ಅಕ್ಷರ ಎಲ್ಲಾರದೂ ‘ಪಿ’. ಐದನೇದು ಅಡ್ಡಹೆಸರಿನ ಮೊದಲನೇ ಅಕ್ಷರ. ಒಂದ ಮನೆತನದಾಗ ಬಹಳ ಮಾಡಿ ಅದೂ ಒಂದ. ಮ್ಯಾನೇಜರ್ ನಾಕೂ ಐಡಿ ಸಾಲಾಗಿ ತೋರಿಸಿ ‘ಯಾವದು ಬೇಕು’ ಅಂತ ಕೇಳ್ತದ. ಅತ್ತಿಯವರದು ಯಾವದು, ನಂದು ಯಾವದು? ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಎರಡೂ ಒಂದ ನಮೂನಿ ಡಬ್ಬಿಯೊಳಗ ತುಂಬಿ ಚೀಟಿ ಹಚ್ಚದ ಇಟ್ಟಂಗ.

‘ಎಲ್ಲಾರಿಗೂ ಒಂದ ಪಾಸ್‌ವರ್ಡ್ ಇಟ್ಟಬಿಡ್ರಿ, ಸಸಾರ’ ಅನ್ನವರಿದ್ದಾರ. ನಾ ಒಪ್ಪಂಗಿಲ್ಲ. ಒಂದ ಯಾರದರೆ ಕೈಗೆ ಸಿಕ್ತಂದ್ರ ನಾಕೂ ಬಾಗಲಾ ತಗದಂಗ. ‘ಒಬ್ಬರ ಲಾಗಿನ್‌ದಾಗ ಎಲ್ಲಾರ ಕೆಲಸ ಮುಗಸ್ರಿ’ ಅನ್ನೋದೂ ನಡಿಯಂಗಿಲ್ಲ. ಟ್ಯಾಕ್ಸ್ ರಿಫಂಡ್ ಅವರವರ ಪ್ಯಾನಿಗೆ ಜೋಡಿಸಿದ ಬ್ಯಾಂಕ್ ಖಾತೆಗೇ ಬರ್ತದ. ರೈಲ್ವೆ ಟಿಕೆಟಿಗೂ ಮಿತಿ ಅದ: ಐಆರ್‌ಸಿಟಿಸಿಯೊಳಗ ಆಧಾರ್ ಜೋಡಿಸದಿದ್ರ ತಿಂಗಳಿಗೆ 12 ಟಿಕೆಟ್, ಜೋಡಿಸಿದ್ರ 24 ಅಂತ 2022ರಾಗ ಮಾಡ್ಯಾರ. 2025ರ ಜುಲೈ 1ರಿಂದ ಆನ್‌ಲೈನ್ ತತ್ಕಾಲ್ ತಗೀಲಿಕ್ಕೆ ಆಧಾರ್ ಬೇಕೇ ಬೇಕು. ಹಿಂಗಾಗಿ ಲಾಗಿನ್ ಬ್ಯಾರೆ ಬ್ಯಾರೆನ ಇರಬೇಕು, ಆದ್ರ ಒಂದೊಂದಕ್ಕೂ ಹೆಸರಿನ ಚೀಟಿ ಬೇಕು.

ಮ್ಯಾನೇಜರ್ ನೋಡೋದು ಎರಡ ಮಾತು: ವೆಬ್‌ಸೈಟಿನ ವಿಳಾಸ, ಯೂಸರ್ ಐಡಿ. ಐಡಿ ಬ್ಯಾರೆ ಆದ್ರ ಬ್ಯಾರೆ ನಮೂದು ಇಡ್ತದ. ಅದು ಯಾರದು ಅಂತ ಅದಕ್ಕ ಗೊತ್ತಿಲ್ಲ, ನಾವ ಹೇಳಬೇಕು. ಬಿಟ್‌ವಾರ್ಡನ್‌ದಂಥಾದ್ರಾಗ ನಮೂದಿನ ಹೆಸರ ಬದಲಿ ಮಾಡಲಿಕ್ಕೆ ಬರ್ತದ: ‘ಟ್ಯಾಕ್ಸ್ – ಅತ್ತಿ’, ‘ಟ್ಯಾಕ್ಸ್ – ಮಗಳು’. ಗೂಗಲ್‌ನ ಮ್ಯಾನೇಜರ್‌ದಾಗ ಟಿಪ್ಪಣಿ ಬರಿಯೋ ಜಾಗಾ ಅದ, ಅಲ್ಲೆ ಬರೀರಿ. ಪಾಸ್‌ವರ್ಡ್ ಬದಲಿ ಮಾಡಿದಾಗ ‘ಅಪ್‌ಡೇಟ್ ಮಾಡಲ್ಯಾ?’ ಅಂತ ಕೇಳ್ತದಲ್ಲಾ, ‘ಹೂಂ’ ಅನ್ನೋಕಿಂತ ಮೊದಲ ಯಾರ ಐಡಿ ತೋರಸ್ಲಿಕ್ಕತ್ತದ ಅಂತ ನೋಡ್ರಿ. ಇಲ್ಲಂದ್ರ ಮಗಳ ಪಾಸ್‌ವರ್ಡ್ ಹೋಗಿ ಅತ್ತಿಯವರ ಹೆಸರಿನ್ಯಾಗ ಕೂಡ್ತದ. ಟ್ಯಾಕ್ಸ್ ಸೈಟಿನ್ಯಾಗ ಐಡಿ ಒಂದ ಪುಟದಾಗ, ಪಾಸ್‌ವರ್ಡ್ ಮುಂದಿನ ಪುಟದಾಗ ಕೇಳೋದ್ರಿಂದ ಕೆಲವೊಮ್ಮೆ ಐಡಿ ಇಲ್ಲದ ಬರೇ ಪಾಸ್‌ವರ್ಡ್ ಉಳಿತದ, ತಗದು ತುಂಬಬೇಕು. ಪ್ಯಾನ್ ಹಾಕಿದ್ರೂ ಆಧಾರ್ ನಂಬರ್ ಹಾಕಿದ್ರೂ ಅಲ್ಲೆ ಬಾಗಲಾ ತಗೀತದ, ಹಿಂಗಾಗಿ ಒಬ್ಬರದ ಎರಡ ನಮೂದು ಆಗ್ತಾವ. ಒಂದ ಇಟ್ಟು ಇನ್ನೊಂದ ಅಳಸ್ರಿ.

ಇಷ್ಟ ಹೊಂದಿಸೋದು ಒಂದ ಮಧ್ಯಾಹ್ನದ ಕೆಲಸ. ನಾ ಹೇಳಬೇಕಂದದ್ದು ಇದರ ಮುಂದಿನ ಮಾತು. ಚೀಟಿ ಮ್ಯಾಲೆ ಹೆಸರ ನಮ್ಮದು, ಡಬ್ಬಿ ಇರೋದು ಯಾರ ಮನ್ಯಾಗ?

ನಮ್ಮ ಓಣ್ಯಾಗ ಒಬ್ಬರು ಕಾಕೂ ಇದ್ದಾರ. ಕಾಕಾ ಇದ್ದಾಗ ಎಲ್ಲಾ ಅವರ ನೋಡ್ತಿದ್ರು. ಅವರು ಹೋದಮ್ಯಾಲೆ ಕಾಕೂ ತಮ್ಮ ಹೆಸರಿನ ಠೇವಣಿ ಬಡ್ಡಿಯೊಳಗ ಮುರದ ಟಿಡಿಎಸ್ ವಾಪಸ್ ತಗೋಬೇಕಂತ ಕೂತ್ರು. ಪ್ಯಾನ್ ಕಾಕೂಂದು, ರೊಕ್ಕಾ ಕಾಕೂಂದು. ಆದ್ರ ಪಾಸ್‌ವರ್ಡ್ ಕಾಕಾನ ಫೋನಿನೊಳಗ, ಆ ಫೋನಿಗೆ ಕಾಕಾನ ಬೆರಳಚ್ಚು. ಓಟಿಪಿ ಬರೋ ನಂಬರೂ ಅವರದ, ಸಿಮ್ ಬಂದಾಗಿತ್ತು. ತಮ್ಮ ರೊಕ್ಕದ ಸಂಬಂಧ ಆ ತಾಯಿ ಎರಡ ತಿಂಗಳು ಕಂಡಕಂಡವರ ಕಾಲ ಹಿಡದ್ರು.

ಕಾಕಾ ಕೆಟ್ಟವರಲ್ಲ. ಹೆಂಡ್ತಿಗೆ ತ್ರಾಸು ಯಾಕ ಅಂತ ತಾವ ಹೊತಗೊಂಡಿದ್ರು. ಆದ್ರ ಒಬ್ಬರ ಫೋನಿನ್ಯಾಗ ಮನಿ ಮಂದಿದೆಲ್ಲಾ ಕೂಡಿಟ್ರ ಆ ಒಬ್ಬರು ಇಲ್ಲದ ದಿನ ಎಲ್ಲಾರೂ ಹೊರಗ. ಇದು ಗಂಡಸರಿಗಷ್ಟ ಹೇಳೋ ಮಾತಲ್ಲ. ಅತ್ತಿಯವರ ಲಾಗಿನ್ ಸೊಸಿ ಫೋನಿನ್ಯಾಗಷ್ಟ ಇದ್ರೂ ಅದೇ ಕಥಿ.

ಅದಕ್ಕ ನನ್ನ ಅಭಿಪ್ರಾಯ ಇಷ್ಟ: ಯಾರ ಲಾಗಿನ್ನೋ ಅವರ ಫೋನು, ಅವರ ಮ್ಯಾನೇಜರ್, ಅವರ ಮೊಬೈಲ್ ನಂಬರ್. ಗ್ಯಾಸು, ಕರೆಂಟ್ ಬಿಲ್ಲಿನಂಥಾ ಕೂಡೂದು ಕೂಡೇ ಇರಲಿ. ಆ್ಯಪಲ್ ಫೋನಿನ್ಯಾಗ 2023ರಿಂದ ಪಾಸ್‌ವರ್ಡ್ ಹಂಚಿಕೊಳ್ಳೋ ಗುಂಪು ಮಾಡಲಿಕ್ಕೆ ಬರ್ತದ. ಬ್ಯಾಂಕಿಂದು ಮಾತ್ರ ಅದರಾಗ ಹಾಕಬ್ಯಾಡ್ರಿ. ವಯಸ್ಸಾದವರಿಗೆ ನಾವು ಬಾಜೂಕ ಕೂತು ತೋರಸೋಣು, ಒತ್ತೋ ಬೆರಳು ಅವರದಿರಲಿ. ತಡಾ ಆಗ್ತದ, ಆಗವಲ್ದ್ಯಾಕ. ಮೊದಲ ನಮ್ಮವ್ವ ಟ್ರಂಕಿನ ಕೀಲಿಕೈ ಸೆರಗಿಗೆ ಗಂಟ ಹಾಕ್ಕೊಂಡು ಅಡ್ಡಾಡ್ತಿದ್ಲು. ಟ್ರಂಕಿನ್ಯಾಗ ಇದ್ದದ್ದು ನಾಕ ಸೀರಿ, ಆದ್ರ ಕೀಲಿಕೈ ಅಕಿದು.